ಲಾರಿಯ ಹೊಗೆಗೂ ಬಳಚಿನ ಚಿಪ್ಪಿಗೂ ನಂಟು

ನಮ್ಮ ಐಮಂಗಲದಿಂದ ಸಮುದ್ರ ಬಲು ದೂರ. ಆದರೆ ಇಲ್ಲಿನ ಹೆದ್ದಾರಿಯಲ್ಲಿ ಹಗಲಿರುಳು ಓಡುವ ಲಾರಿಗಳ ಹೊಗೆ ಕಡಲನ್ನೂ ಮುಟ್ಟುತ್ತದೆ. ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಾಗರಗಳೇ ಹೀರಿಕೊಳ್ಳುತ್ತವೆ. ನೀರಿನಲ್ಲಿ ಅದು ಕಾರ್ಬಾನಿಕ್ ಆಮ್ಲವಾಗುತ್ತದೆ. ಕೈಗಾರಿಕಾ ಕ್ರಾಂತಿಯ ನಂತರ ಸಾಗರದ ಮೇಲ್ಪದರದ ಪಿಎಚ್ ಮಟ್ಟ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇಳಿಕೆ ಸಣ್ಣದೆನಿಸಿದರೂ, ಆಮ್ಲೀಯತೆ ಶೇ 25ಕ್ಕಿಂತ ಹೆಚ್ಚಾಗಿದೆ ಎಂದೇ ಇದರ ಅರ್ಥ.

ಇದರಿಂದ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಮೊದಲ ಪೆಟ್ಟು ಬೀಳುವುದು ಮರಿಗಳಿಗೆ. ಅಮೆರಿಕದ ಒರೆಗಾನ್ ತೀರದ ಸಿಂಪಿ ಮರಿ ಉತ್ಪಾದನಾ ಕೇಂದ್ರದಲ್ಲಿ 2007ರ ಹೊತ್ತಿಗೆ ಮರಿಗಳು ರಾಶಿ ರಾಶಿಯಾಗಿ ಸತ್ತವು. ಕಾರಣ ಆಮ್ಲೀಯ ನೀರು ಎಂದು ತಿಳಿದ ಮೇಲೆ, ನೀರನ್ನು ಅಳೆದು, ಸರಿಪಡಿಸಿ ಬಳಸತೊಡಗಿದರು. ಉತ್ಪಾದನೆ ಚೇತರಿಸಿತು.

ತೊಟ್ಟಿಯ ನೀರನ್ನು ಸರಿಪಡಿಸಬಹುದು, ಹೊಳೆಯ ಅಳಿವೆಯನ್ನು ಸಾಧ್ಯವೇ? 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಣೆಯಾದ, ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಅನೇಕ. ಮಳೆಗಾಲದ ಸಿಹಿನೀರಿಗೂ ಅಲ್ಲಿ ಪಿಎಚ್ ಏರಿಳಿಯುತ್ತದೆ. ಅದನ್ನೂ ಹೊಗೆಯ ಪರಿಣಾಮವನ್ನೂ ಬೇರ್ಪಡಿಸಿ ಹೇಳಲು ವರ್ಷಾನುಗಟ್ಟಲೆ ಬಿಡದೆ ಅಳೆಯುವವರು ಬೇಕು. ಬಳಚು ಖಾಲಿಯಾದ ಮೇಲೆ ಅಳೆದು ಪ್ರಯೋಜನವಿಲ್ಲ.

ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಬಯಲುಸೀಮೆಯ ವಿಜ್ಞಾನ ವಿದ್ಯಾರ್ಥಿಗಳೂ ಅತ್ತ ನೋಡಬೇಕು. ಹೊಗೆ ನಮ್ಮದೂ ಹೌದಾದರೆ, ಲೆಕ್ಕ ಇಡುವ ಹೊಣೆಯೂ ನಮ್ಮದೇ.