ಇಪ್ಪತ್ತನಾಲ್ಕರ ವಿದ್ಯಾರ್ಥಿಗೆ ಬಾಗಿಲೇಕೆ ಮುಚ್ಚಬೇಕು?

ಪದವಿ ತರಗತಿಗಳ ಪ್ರವೇಶದ ದಿನಗಳಲ್ಲಿ ಒಂದು ಸಾಯಂಕಾಲ ತರುಣನೊಬ್ಬನು ಶ್ರೀಮಠಕ್ಕೆ ಬಂದನು. ಕೈಯಲ್ಲಿ ಪಿ.ಯು.ಸಿ. ಅಂಕಪಟ್ಟಿ, ಅಂಗೈಯ ತುಂಬ ಜಡ್ಡು. ಪರೀಕ್ಷೆ ಮುಗಿದ ವರ್ಷವೇ ತಂದೆ ತೀರಿಕೊಂಡಿದ್ದರು. ಅಂದಿನಿಂದ ಆರು ವರ್ಷ ಎ.ಪಿ.ಎಂ.ಸಿ. ಅಂಗಳದಲ್ಲಿ ಹಮಾಲಿ ಮಾಡಿ, ತಂದೆಯ ಕೈಗಡ ತೀರಿಸಿ, ತಂಗಿಯ ಮದುವೆ ಮಾಡಿ, ತಮ್ಮನನ್ನು ಐ.ಟಿ.ಐ. ಓದಿಸಿ, ಈಗ ತನ್ನ ಓದಿನ ಸರದಿ ಬಂದಿತೆಂದು ಹೊರಟಿದ್ದನು. ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನಿಲ್ಲಲು ನೆಲೆ ಮಾತ್ರ ಇರಲಿಲ್ಲ. ನಮ್ಮ ಪ್ರಸಾದನಿಲಯದ ಕಚೇರಿಯಲ್ಲಿ, "ಇಪ್ಪತ್ತೊಂದು ದಾಟಿದವರಿಗೆ ಪ್ರವೇಶವಿಲ್ಲ" ಎಂಬ ಉತ್ತರ ದೊರೆತಿತ್ತು. ಅವನು ನಮ್ಮೆದುರು ಕೈಕಟ್ಟಿ ನಿಂತು, "ಅಜ್ಜಾರ, ನಾ ಕಲಿಯೂದು ತಡ ಆತೇನ್ರಿ? ಎಲ್ಲಾರೂ ಹಂಗ ಅನ್ನಾಕತ್ತಾರ್ರಿ" ಎಂದನು.

ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಆ ನಿಯಮಾವಳಿಯ ಕೊನೆಯಲ್ಲಿ ಇದ್ದ ಸಹಿ ನಮ್ಮದೇ ಆಗಿತ್ತು.

ಅಂದಿನಿಂದ ಈ ವಿಷಯವನ್ನು ಮನಸ್ಸಿನಲ್ಲಿ ತಿರುವಿ ನೋಡುತ್ತಿದ್ದೇವೆ. ನೋಡಿದಷ್ಟೂ ನಮ್ಮ ನಿಯಮವು ವಿಚಾರದಿಂದ ಹುಟ್ಟಿದುದಲ್ಲ, ರೂಢಿಯಿಂದ ಹುಟ್ಟಿದುದು ಎಂಬುದು ಸ್ಪಷ್ಟವಾಗುತ್ತಿದೆ. ಹದಿನೆಂಟಕ್ಕೆ ಕಾಲೇಜು, ಇಪ್ಪತ್ತೊಂದಕ್ಕೆ ಪದವಿ, ಅನಂತರ ನೌಕರಿ ಎಂಬ ಒಂದು ಸಾಲನ್ನು ಯಾರೋ ಎಳೆದರು. ತಂದೆ ಇರುವವನು, ಹೊಲದಲ್ಲಿ ನೀರು ಇರುವವನು, ಮನೆಯಲ್ಲಿ ಕಾಯಿಲೆ ಇಲ್ಲದವನು ಆ ಸಾಲಿನಲ್ಲಿ ಸರಾಗವಾಗಿ ನಡೆಯುತ್ತಾನೆ. ಉಳಿದವರು ಜಾರುತ್ತಾರೆ. ಜಾರಿದವನನ್ನು ಎತ್ತುವುದಕ್ಕೆಂದೇ ಕಟ್ಟಿದ ಸಂಸ್ಥೆಗಳು ಅವನ ಜನ್ಮದಿನಾಂಕ ನೋಡಿ ಬಾಗಿಲು ಹಾಕುವುದಾದರೆ, ಅವು ಯಾರಿಗಾಗಿ ಇವೆ?

ಮೊದಲು ಒಂದು ಶಬ್ದದ ವಿಷಯ. ವ್ಯಾಸಂಗದಲ್ಲಿ ಕೆಲವು ವರ್ಷ ಬಿಡುವಾದ ವಿದ್ಯಾರ್ಥಿಯಿಂದ ನಮ್ಮ ಅನೇಕ ಕಾಲೇಜುಗಳು 'ಗ್ಯಾಪ್ ಸರ್ಟಿಫಿಕೇಟ್' ಎಂಬ ಪತ್ರವನ್ನು ಕೇಳುತ್ತವೆ. ಆತನು ಛಾಪಾ ಕಾಗದದ ಮೇಲೆ, ನೋಟರಿಯ ಮುಂದೆ, ಈ ಅವಧಿಯಲ್ಲಿ ನಾನು ಬೇರೆ ಯಾವ ಕೋರ್ಸಿಗೂ ಸೇರಿಲ್ಲ, ಯಾವ ಅಕ್ರಮದಲ್ಲೂ ತೊಡಗಿಲ್ಲ ಎಂದು ಪ್ರಮಾಣ ಮಾಡಬೇಕು. ಆರು ವರ್ಷ ಮೂಟೆ ಹೊತ್ತು ಒಂದು ಸಂಸಾರವನ್ನು ದಡ ಸೇರಿಸಿದವನು ತಾನು ಕಳ್ಳನಲ್ಲವೆಂದು ಆಣೆ ಇಡಬೇಕಾಗಿ ಬಂದಿತು! ಅವನು ಏನು ಮಾಡಿದನೆಂದು ಕೇಳುವ ಅಂಕಣ ಆ ಪತ್ರದಲ್ಲಿಲ್ಲ; ಏನು ಮಾಡಲಿಲ್ಲವೆಂಬುದಷ್ಟೇ ಬೇಕು. ಕಾಯಕವನ್ನು ಧರ್ಮದ ಪೀಠದಲ್ಲಿ ಕೂರಿಸಿದ ನಾಡು ಇದು. ದೋಣಿ ನಡೆಸುವವರು, ನೇಯುವವರು, ಹಗ್ಗ ಹೊಸೆಯುವವರು ಸಂಸಾರದ ಭಾರ ಹೊತ್ತುಕೊಂಡೇ ಅನುಭವ ಮಂಟಪಕ್ಕೆ ಬಂದು ಜಿಜ್ಞಾಸೆ ನಡೆಸಿದರು. ಅವರ ದುಡಿಮೆಯ ವರ್ಷಗಳನ್ನು ಯಾರೂ 'ಖಾಲಿ ಜಾಗ' ಎಂದು ಕರೆಯಲಿಲ್ಲ. ಆ ಪರಂಪರೆಯ ಹೆಸರು ಹೇಳುವ ನಾವು ಇಂದು ದುಡಿದವನ ಆಯುಷ್ಯವನ್ನು ಖಾಲಿ ಜಾಗವೆಂದು ಬರೆದುಕೊಳ್ಳುತ್ತಿದ್ದೇವೆ.

ಇನ್ನು ಶಾಸ್ತ್ರದ ಕ್ರಮದಂತೆ ಪೂರ್ವಪಕ್ಷಗಳನ್ನು ಒಂದೊಂದಾಗಿ ಎತ್ತಿಕೊಳ್ಳೋಣ.

ವಯಸ್ಸಾದಂತೆ ಬುದ್ಧಿ ಮಂದವಾಗುತ್ತದೆ, ಇಪ್ಪತ್ತು ದಾಟಿದವನ ತಲೆಗೆ ಪಾಠ ಹತ್ತುವುದಿಲ್ಲ ಎಂಬುದು ಮೊದಲನೆಯ ಪೂರ್ವಪಕ್ಷ. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ, ೧೯೪೪ರಲ್ಲಿ, ಅಮೆರಿಕೆಯು ಯುದ್ಧದಿಂದ ಮರಳುವ ಸೈನಿಕರ ಓದಿನ ವೆಚ್ಚವನ್ನು ಸರಕಾರವೇ ಭರಿಸುವ ಕಾಯಿದೆಯನ್ನು ಮಾಡಿತು. ಆಗ ದೊಡ್ಡ ದೊಡ್ಡ ವಿದ್ವಾಂಸರೇ ಗಾಬರಿಗೊಂಡರು. ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸರು ವಿದ್ಯಾಲಯಗಳು ಅಲೆಮಾರಿಗಳ ಬೀಡಾಗುವವೆಂದು ಎಚ್ಚರಿಸಿದರು. ಹಾರ್ವರ್ಡಿನ ಜೇಮ್ಸ್ ಕೊನಾಂಟರೂ ಶಂಕೆ ವ್ಯಕ್ತಪಡಿಸಿದರು. ಆದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾಜಿ ಸೈನಿಕರು ಕಾಲೇಜು ಸೇರಿದರು. ೧೯೪೭ರಲ್ಲಿ ಅಲ್ಲಿಯ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಅವರೇ ಇದ್ದರು. ಅನೇಕರಿಗೆ ಮದುವೆಯಾಗಿತ್ತು, ಮಕ್ಕಳಿದ್ದರು. ಅವರು ಓದಿದ ರೀತಿಯನ್ನು ಕಂಡ ಮೇಲೆ ಕೊನಾಂಟರೇ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡು ಅವರನ್ನು ಮುಕ್ತಕಂಠದಿಂದ ಹೊಗಳಿದರು. ತನಗೆ ಏನು ಬೇಕೆಂದು ಬಲ್ಲವನ ಓದಿಗೂ, ತಂದೆ ಕಳಿಸಿದನೆಂದು ಬಂದವನ ಓದಿಗೂ ಅಂತರವಿರುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ಮಹರ್ಷಿ ಧೋಂಡೋ ಕೇಶವ ಕರ್ವೆಯವರು ೧೮೫೮ರಲ್ಲಿ ಜನಿಸಿದರು. ಕೊಂಕಣದ ಹಳ್ಳಿಯಿಂದ ಪರೀಕ್ಷೆಗೆಂದು ಕಾಲ್ನಡಿಗೆಯಲ್ಲಿ ಸಾತಾರೆಗೆ ಹೋದಾಗ, ಹುಡುಗನು ತೀರ ಚಿಕ್ಕವನಂತೆ ಕಾಣುತ್ತಾನೆಂದು ಅಧಿಕಾರಿಗಳು ಅವರನ್ನು ಹಿಂದಕ್ಕೆ ಕಳಿಸಿದರು. ಮುಂದೆ ೧೮೮೧ರಲ್ಲಿ, ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರು ಮೆಟ್ರಿಕ್ ತೇರ್ಗಡೆಯಾಗಿ ಕಾಲೇಜು ಸೇರಿದರು. ೧೮೮೪ರಲ್ಲಿ ಗಣಿತದಲ್ಲಿ ಪದವಿ ಪಡೆದರು. ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ೧೯೫೮ರಲ್ಲಿ, ನೂರರ ಹೊಸ್ತಿಲಲ್ಲಿ, ಭಾರತರತ್ನವಾದರು. ಅಂದು ಚಿಕ್ಕವನೆಂದು ಹೊರಗಿಟ್ಟವರು ಒಬ್ಬರು. ಇಂದು ಬಂದಿದ್ದರೆ ದೊಡ್ಡವನೆಂದು ಹೊರಗಿಡುವವರು ನಾವು! ಮದರಾಸಿನ ಆರ್. ಎಸ್. ಸುಬ್ಬಲಕ್ಷ್ಮಿಯವರು ೧೮೮೬ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾಗಿ, ೧೯೧೧ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪದವೀಧರೆಯಾದರು. ತಾವು ಓದಿದ ಮೇಲೆ ಬಾಲವಿಧವೆಯರ ಓದಿಗಾಗಿಯೇ ಬಾಳನ್ನು ಸವೆಸಿದರು. ತಡವಾಗಿ ಕಲಿತವರು ಕಲಿಕೆಯ ಬೆಲೆಯನ್ನು ಇತರರಿಗೂ ಹಂಚುತ್ತಾರೆಂಬುದಕ್ಕೆ ಈ ಇಬ್ಬರೂ ಸಾಕ್ಷಿ.

ದೊಡ್ಡವರು ಚಿಕ್ಕವರ ನಡುವೆ ಬಂದರೆ ಶಿಸ್ತು ಕೆಡುತ್ತದೆ ಎಂಬುದು ಎರಡನೆಯ ಪೂರ್ವಪಕ್ಷ. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಿಲಯ ನಡೆಸುವವರ ಕಷ್ಟ ನಮಗೆ ಗೊತ್ತು. ಆದರೆ ಶಿಸ್ತು ಕೆಡುವುದು ನಡತೆಯಿಂದ, ವಯಸ್ಸಿನಿಂದಲ್ಲ. ಕೆಡಿಸಿದವನನ್ನು, ಅವನು ಹದಿನೆಂಟರವನಿರಲಿ ಇಪ್ಪತ್ತೆಂಟರವನಿರಲಿ, ಹೊರಗೆ ಕಳಿಸುವ ಅಧಿಕಾರ ವ್ಯವಸ್ಥಾಪಕರಿಗೆ ಇದ್ದೇ ಇದೆ. ಬೇಕಿದ್ದರೆ ದೊಡ್ಡವರಿಗೆ ಪ್ರತ್ಯೇಕ ಕೋಣೆ ಕೊಡಬಹುದು. ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ವಯಸ್ಸನ್ನು ಕೇಳುತ್ತಿದ್ದವರಾರು? ಅಮರಕೋಶ ಮುಗಿಸಿದವನು ರಘುವಂಶಕ್ಕೆ ಏರುತ್ತಿದ್ದನು. ಹನ್ನೆರಡರ ವಟುವೂ ಇಪ್ಪತ್ತರ ತರುಣನೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಹಿರಿಯನು ಕಿರಿಯನಿಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದನು. ನಾವೂ ಪಾಠಶಾಲೆಯ ವ್ಯಾಸಂಗ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದಾಗ ನಮಗೆ ಇಪ್ಪತ್ತಮೂರು. ಮೊದಲ ದಿನ ನಾವು ಒಳಗೆ ಕಾಲಿಟ್ಟಾಗ, ಅಧ್ಯಾಪಕರು ಬಂದರೆಂದು ತಿಳಿದು ತರಗತಿಯೇ ಎದ್ದು ನಿಂತಿತ್ತು. ನಾಚಿಕೆಯಿಂದ ಹಿಂದಿನ ಬೆಂಚಿಗೆ ಸರಿದೆವು. ಎರಡು ತಿಂಗಳಲ್ಲಿ ಅದೇ ಹುಡುಗರು ವ್ಯಾಕರಣ ಹೇಳಿಸಿಕೊಳ್ಳಲು ನಮ್ಮ ಸುತ್ತ ಸೇರಿದರು. ನಮಗೆ ಇಂಗ್ಲಿಷಿನ ಉಚ್ಚಾರವನ್ನು ತಿದ್ದಿದವರೂ ಅವರೇ. ಅಂದು ನಮಗೆ ದೊರೆತ ಬೆಂಚನ್ನು ಇಂದು ಇನ್ನೊಬ್ಬನಿಗೆ ನಿರಾಕರಿಸಿದೆವಲ್ಲ ಎಂಬುದೇ ನಮ್ಮನ್ನು ಚುಚ್ಚುತ್ತಿರುವ ಸಂಗತಿ.

ಇರುವ ಸ್ಥಾನ ಕೆಲವೇ, ಅವು ಎಳೆಯರಿಗೆ ಸಲ್ಲಲಿ ಎಂಬುದು ಮೂರನೆಯ ಪೂರ್ವಪಕ್ಷ. ತರಗತಿಯ ಮಟ್ಟಿಗೆ ಈ ಮಾತು ಎಲ್ಲೆಡೆಯೂ ನಿಜವಲ್ಲ. ನಾಡಿನ ಅನೇಕ ಪ್ರಥಮ ದರ್ಜೆ ಕಾಲೇಜುಗಳ ಕಲಾವಿಭಾಗಗಳಲ್ಲಿ ಬೆಂಚುಗಳು ಖಾಲಿ ಬಿದ್ದಿವೆ. ನಿಲಯಗಳ ಮಟ್ಟಿಗೆ ನಿಜ. ಅನ್ನವೂ ಮಿತ, ಕೋಣೆಯೂ ಮಿತ. ಆದರೆ ಮಿತವಾದುದನ್ನು ಹಂಚುವಾಗ ಕೇಳಬೇಕಾದ ಪ್ರಶ್ನೆ 'ಯಾರು ಚಿಕ್ಕವರು' ಎಂಬುದಲ್ಲ, 'ಯಾರಿಗೆ ಬೇರೆ ಆಸರೆಯಿಲ್ಲ' ಎಂಬುದು. ಈ ಪ್ರಶ್ನೆಯನ್ನು ಕೇಳಿದರೆ ಎಷ್ಟೋ ವೇಳೆ ಇಪ್ಪತ್ತನಾಲ್ಕರವನೇ ಮೊದಲ ಸಾಲಿನಲ್ಲಿ ನಿಲ್ಲುತ್ತಾನೆ.

ಅವರಿಗಾಗಿಯೇ ಮುಕ್ತ ವಿಶ್ವವಿದ್ಯಾಲಯವಿದೆಯಲ್ಲ ಎಂಬುದು ನಾಲ್ಕನೆಯದು. ೧೯೯೬ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಉಪಕಾರವನ್ನು ನಾವು ಕಡೆಗಣಿಸುವವರಲ್ಲ. ದುಡಿಯುತ್ತಲೇ ಓದುವವರಿಗೆ ಅದು ವರ. ಆದರೆ ೨೦೧೩ರಿಂದ ಕೆಲವು ವರ್ಷ ಯು.ಜಿ.ಸಿ.ಯ ಮಾನ್ಯತೆ ಇಲ್ಲದೆ, ೨೦೧೮ರಲ್ಲಿ ಅದು ಮರಳಿ ದೊರೆಯುವವರೆಗೆ, ಅಲ್ಲಿಯ ವಿದ್ಯಾರ್ಥಿಗಳು ಪಟ್ಟ ಬವಣೆಯನ್ನು ಕಂಡಿದ್ದೇವೆ. ಒಂದೇ ಬಾಗಿಲನ್ನು ನಂಬಿಸಿದರೆ ಹೀಗಾಗುತ್ತದೆ. ಅದಲ್ಲದೆ ಪ್ರಯೋಗಾಲಯದ ಮೇಜು, ಗ್ರಂಥಾಲಯದ ಮೌನ, ಗುರುವಿನ ಎದುರು ಕುಳಿತು ಕೇಳುವ ಸಂದೇಹ, ಇವು ಅಂಚೆಯಲ್ಲಿ ಬರುವುದಿಲ್ಲ. ಬಯಸಿದವನು ದೂರಶಿಕ್ಷಣ ಪಡೆಯಲಿ. ದೂರವಿಡುವುದಕ್ಕೆ ಅದು ನೆಪವಾಗದಿರಲಿ.

ಇಷ್ಟು ತಡವಾಗಿ ಓದಿ ನೌಕರಿ ಸಿಕ್ಕೀತೇ ಎಂಬುದು ಕೊನೆಯದು. ರಾಜ್ಯ ಸರಕಾರದ ಬಹುಪಾಲು ಹುದ್ದೆಗಳಿಗೆ ಸಾಮಾನ್ಯ ವರ್ಗದವರಿಗೂ ಮೂವತ್ತೈದರವರೆಗೆ ಅವಕಾಶವುಂಟು; ಹಿಂದುಳಿದವರಿಗೆ ಮತ್ತು ಪರಿಶಿಷ್ಟರಿಗೆ ಇನ್ನೂ ಹೆಚ್ಚು. ಇಪ್ಪತ್ತನಾಲ್ಕಕ್ಕೆ ಸೇರಿದವನು ಇಪ್ಪತ್ತೇಳಕ್ಕೆ ಪದವೀಧರ. ಎಂಟು ವರ್ಷ ಕೈಯಲ್ಲಿರುವಾಗ ತಡವೆಂಬ ಮಾತೆಲ್ಲಿಯದು?

ದೇಶದ ದೊಡ್ಡ ಸಂಸ್ಥೆಗಳೇ ಈ ವಿಷಯದಲ್ಲಿ ತಪ್ಪಿ ತಿದ್ದಿಕೊಂಡಿವೆ. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ ೨೫, ಮೀಸಲು ವರ್ಗಗಳಿಗೆ ೩೦ ಎಂಬ ಗರಿಷ್ಠ ವಯೋಮಿತಿಯನ್ನು ಹಾಕಲಾಗಿತ್ತು. ೨೦೧೮ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಿತಿ ದಾಟಿದವರಿಗೂ ಅರ್ಜಿ ಹಾಕಲು ಮಧ್ಯಂತರ ಅವಕಾಶವನ್ನು ಕೊಟ್ಟಿತು. ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಮಿತಿಯನ್ನೇ ಕೈಬಿಟ್ಟಿತು. ಕಾನೂನು ಪದವಿಗೆ ವಕೀಲರ ಪರಿಷತ್ತು ಹಾಕಿದ್ದ ೨೦ ಮತ್ತು ೩೦ರ ಮಿತಿಗೆ ೨೦೧೭ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯ ತಡೆಯಿತ್ತಿತು. ಮನುಷ್ಯನ ಪ್ರಾಣವನ್ನು ಕೈಯಲ್ಲಿ ಹಿಡಿಯುವ ವೈದ್ಯನಾಗಲು ಇಲ್ಲದ ವಯೋಮಿತಿಯು, ನಮ್ಮ ನಿಲಯದಲ್ಲಿ ಎರಡು ಹೊತ್ತು ಉಂಡು ಬಿ.ಎ. ಓದಲು ಏಕೆ ಬೇಕು?

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಪಿ.ಯು.ಸಿ. ಮುಗಿಯುತ್ತಲೇ ಮದುವೆಯಾಗಿ, ಮಗುವನ್ನು ಅಂಗನವಾಡಿಗೆ ಕಳಿಸಿದ ಮೇಲೆ ಮತ್ತೆ ಪುಸ್ತಕ ಹಿಡಿಯಬಯಸುವ ಸೊಸೆಗೆ, "ಇನ್ನೇನು ಓದುವುದು, ಮಗಳನ್ನು ಓದಿಸಿದರಾಯಿತು" ಎನ್ನುವ ಮನೆಗಳು ಎಷ್ಟಿಲ್ಲ? ತಾಯಿ ಓದುವುದನ್ನು ಕಂಡ ಮಗಳನ್ನು ಓದಿಸುವುದು ಸುಲಭ. ಮದುವೆಯ ವೇಳೆ "ಮುಂದೆ ಓದಿಸುತ್ತೇವೆ" ಎಂದು ಹಿರಿಯರ ಸಮಕ್ಷಮ ಆಡಿದ ಮಾತು ಸಾಲಪತ್ರಕ್ಕಿಂತ ಹಗುರವಲ್ಲ. ಅದನ್ನು ತೀರಿಸಿರೆಂದು ಅಂಥ ಅತ್ತೆ-ಮಾವಂದಿರಿಗೆ ನೇರವಾಗಿ ಹೇಳುತ್ತೇವೆ.

ಹಾಗೆಂದು ತಡವಾಗಿ ಬಂದವನ ಹಾದಿ ಸುಗಮವೆಂದು ನಾವು ಹೇಳುವುದಿಲ್ಲ. ಬೀಜಗಣಿತ ಮರೆತಿರುತ್ತದೆ, ಇಂಗ್ಲಿಷು ತೊಡರುತ್ತದೆ. ರಜೆಯಲ್ಲಿ ದುಡಿದು ಮನೆಗೆ ಕಳಿಸಬೇಕಾಗುತ್ತದೆ. ಜೊತೆಯವರು ಮನೆ ಕಟ್ಟಿಸಿದ್ದನ್ನು ಕಂಡು ಮನಸ್ಸು ಕುಗ್ಗುತ್ತದೆ. ಆದುದರಿಂದ ಬಾಗಿಲು ತೆರೆದರಷ್ಟೇ ಸಾಲದು, ಒಳಗೆ ಬಂದವನ ಕೈಹಿಡಿಯಬೇಕು.

ಮಠಮಾನ್ಯಗಳು ಮತ್ತು ನಮ್ಮ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ. ನಿಲಯಗಳ ಅರ್ಜಿಯಿಂದ ಗರಿಷ್ಠ ವಯಸ್ಸಿನ ನಿಯಮವನ್ನು ತೆಗೆದು, ಆಸರೆಯ ಅಗತ್ಯವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ವರ್ಗಾವಣೆ ಪತ್ರ, ಅಂಕಪಟ್ಟಿಗಳು ಸರಿಯಿದ್ದಲ್ಲಿ ಛಾಪಾ ಕಾಗದದ ಪ್ರಮಾಣವನ್ನು ಕೇಳದೆ, ಮಧ್ಯದ ವರ್ಷಗಳಲ್ಲಿ ಮಾಡಿದ ಕಾಯಕವನ್ನು ಗೌರವದಿಂದ ಬರೆದುಕೊಳ್ಳಬೇಕು. ದತ್ತಿ ವಿದ್ಯಾರ್ಥಿವೇತನಗಳಲ್ಲಿ ಒಂದು ಪಾಲನ್ನು ಇಪ್ಪತ್ತೊಂದು ದಾಟಿದವರಿಗೆ ಮೀಸಲಿಡಬೇಕು. ಕೇಂದ್ರ ಸರಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನವೇ ೧೭ರಿಂದ ೨೨ರ ಮಿತಿಯನ್ನು ಹಾಕಿಕೊಂಡು ಬಂದುದರಿಂದ ಇದು ಇನ್ನಷ್ಟು ಅವಶ್ಯಕ. ಮೊದಲ ಎರಡು ತಿಂಗಳು ಸಾಯಂಕಾಲ ಇಂಗ್ಲಿಷು, ಗಣಿತಗಳ ಮರುಪಾಠವನ್ನು ಏರ್ಪಡಿಸಬೇಕು. ನಿವೃತ್ತ ಶಿಕ್ಷಕರಾದ ಭಕ್ತರು ಇದನ್ನು ಸೇವೆಯೆಂದು ಕೈಗೊಳ್ಳಬಹುದು.

ಪರರಿಗೆ ಹೇಳುವ ಮುನ್ನ ನಾವು ಮಾಡಬೇಕು. ನಮ್ಮ ಪ್ರಸಾದನಿಲಯದ ನಿಯಮಾವಳಿಯಲ್ಲಿ ವಯಸ್ಸಿನ ಆ ಸಾಲನ್ನು ನಾವೇ ಹೊಡೆದುಹಾಕಿ ಸಹಿ ಮಾಡಿದ್ದೇವೆ. ಸಮಿತಿಯ ಇಬ್ಬರು ಸದಸ್ಯರು ಇದನ್ನು ಇನ್ನೂ ಒಪ್ಪಿಲ್ಲ. ಅವರ ಆಕ್ಷೇಪಗಳಿಗೆ ಈ ಲೇಖನವೇ ನಮ್ಮ ಉತ್ತರ; ಅವರ ಪ್ರತ್ಯುತ್ತರವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಲು ಸಿದ್ಧರಿದ್ದೇವೆ.

ಆ ತರುಣನಿಗೂ, ಅವನಂತೆ ಅಂಕಪಟ್ಟಿಯನ್ನು ಟ್ರಂಕಿನ ತಳದಲ್ಲಿಟ್ಟು ಕಾಯುತ್ತಿರುವವರಿಗೂ ಒಂದು ಮಾತು. ತಮ್ಮಾ, ನೀನು ತಡವಾಗಿ ಬಂದವನಲ್ಲ. ನಿನ್ನ ಮನೆಯನ್ನು ದಾಟಿಸಿ ಬಂದವನು. ಹಿಂದಿನ ಬೆಂಚಿಗೆ ಸರಿಯಬೇಡ. ಮುಂದೆ ಬಂದು ಕುಳಿತುಕೋ. ತಿಳಿಯದಿದ್ದರೆ ಎದ್ದು ಕೇಳು. ನಿನ್ನ ಕೋಣೆಯ ಬೀಗದ ಕೈ ಕಚೇರಿಯಲ್ಲಿದೆ.