‘ನಾರ್ಮಲ್’ ಎಂಬ ನೆಮ್ಮದಿ

ನೆಲದಿಂದ ಏಳುವಾಗ ಕೈ ತಾನಾಗಿ ಗೋಡೆ ಹುಡುಕುತ್ತದೆ. ಮೆಟ್ಟಿಲು ಹತ್ತಲು ತೊಡೆ ಒಪ್ಪುವುದಿಲ್ಲ. ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ನೋವು. ಹೇಳಿಕೊಂಡರೆ ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ಲ್ಯಾಬಿನ ಚೀಟಿ ‘ಕ್ಯಾಲ್ಸಿಯಂ ನಾರ್ಮಲ್’ ಎನ್ನುತ್ತದೆ. ನಮಗೆ ಹೆಚ್ಚು ಕಳವಳ ತರುವುದು ಆ ಚೀಟಿಯೇ.

ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ನಡುವೆಯೇ ಇರಬೇಕು. ಇಲ್ಲವಾದರೆ ನರ, ಸ್ನಾಯು, ಹೃದಯ ತಾಳ ತಪ್ಪುತ್ತವೆ. ಕಾವಲಿಗಿರುವುದು ಥೈರಾಯ್ಡ್ ಬೆನ್ನಿಗಂಟಿದ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಕ್ಯಾಲ್ಸಿಯಂ ತುಸು ಇಳಿದರೂ ಅವು ಹಾರ್ಮೋನು ಸ್ರವಿಸುತ್ತವೆ. ಅದು ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ತಡೆಯುತ್ತದೆ, ಫಾಸ್ಫೇಟನ್ನು ಹೊರಗಟ್ಟುತ್ತದೆ, ಮೂತ್ರಪಿಂಡದಲ್ಲಿ ವಿಟಮಿನ್ ಡಿಯನ್ನು ಚುರುಕಾಗಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಆದರೆ ವಿಟಮಿನ್ ಡಿಗೇ ಬರ ಬಂದಿದ್ದರೆ, ಮೂರು ಹೊತ್ತು ರಾಗಿ ಮುದ್ದೆ ಉಂಡರೂ ಅದರ ಕ್ಯಾಲ್ಸಿಯಂನಲ್ಲಿ ಮೈಗೆ ದಕ್ಕುವುದು ನೂರಕ್ಕೆ 10–15 ಪಾಲು. ಉಳಿದ ದಾರಿ ಮೂಳೆ. ದೇಹದ ಕ್ಯಾಲ್ಸಿಯಂನ ನೂರಕ್ಕೆ 99 ಪಾಲು ಇರುವುದು ಅಲ್ಲೇ. ಬಿತ್ತನೆ ಬೀಜ ಕುಟ್ಟಿ ಉಣ್ಣುವ ಮನೆಯಲ್ಲೂ ಒಲೆ ಉರಿಯುತ್ತಿರುತ್ತದಲ್ಲ, ಹಾಗೆ ವರದಿ ವರ್ಷಗಟ್ಟಲೆ ಚೆನ್ನಾಗಿಯೇ ಬರಬಹುದು. ತುಟಿಯ ಸುತ್ತ ಜುಮುಜುಮು, ಬೆರಳು ಸೆಟೆಯುವುದು ಶುರುವಾದರೆ ಕಾವಲೂ ಸೋಲುತ್ತಿದೆ ಎಂದೇ ಲೆಕ್ಕ.

‘ನಮ್ಮದು ಬಿಸಿಲ ನಾಡು, ವಿಟಮಿನ್ ಡಿಗೆ ನಮಗೇನು ಬರ’ ಎನ್ನುವವರಿದ್ದಾರೆ. ಬಿಸಿಲು ಊರಿಗೆ ಬಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಇನ್ನು ಕೆಲವರದು ಮತ್ತೊಂದು ಅತಿ: ಕೆಲವೇ ವಾರಕ್ಕೆಂದು ವೈದ್ಯರು ಬರೆದ ವಿಟಮಿನ್ ಡಿಯ 60,000 ಯೂನಿಟ್ಟಿನ ಪೊಟ್ಟಣವನ್ನು, ನೆರೆಯವರ ಮಾತು ಕೇಳಿ ತಿಂಗಳುಗಟ್ಟಲೆ ನುಂಗುವುದು. ಆಗ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಮಲಬದ್ಧತೆ, ಮಂಕು. ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು.

ಸಕ್ಕರೆ ಕಾಯಿಲೆಯನ್ನೂ ನಾವು ಒಮ್ಮೆ ‘ಗಡಿಯಲ್ಲಿದೆ, ಪರವಾಗಿಲ್ಲ’ ಎಂದು ಬಿಟ್ಟವರೇ. ಅದರಿಂದ ಮೂತ್ರಪಿಂಡ ಸೋಲತೊಡಗಿದಾಗ ಮೂಳೆಯ ಜೀವಕೋಶಗಳಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು ಮೊದಲು ಏರುತ್ತದೆ. ಫಾಸ್ಫೇಟನ್ನು ಹೊರಹಾಕುವ ಭರದಲ್ಲಿ ಅದು ಚುರುಕಾದ ವಿಟಮಿನ್ ಡಿಯನ್ನೂ ಇಳಿಸುತ್ತದೆ. ಹಿಂದೆಯೇ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ. ರಕ್ತದಲ್ಲಿ ಫಾಸ್ಫೇಟ್ ಏರಿದ್ದು ಕಾಣುವುದು ತಡವಾಗಿ. ಅಷ್ಟರಲ್ಲಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟತೊಡಗಿರಬಹುದು.

ಮೂತ್ರದಲ್ಲಿ ಪದೇ ಪದೇ ಕಲ್ಲಾಗುವವರು, ಕ್ಯಾಲ್ಸಿಯಂ ಸದಾ ತುಸು ಮೇಲೇ ಇರುವವರು ಪ್ಯಾರಾಥೈರಾಯ್ಡ್ ಗಂಟಿನ ಅನುಮಾನ ಪರಿಹರಿಸಿಕೊಳ್ಳಬೇಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಕಾಲ ಬರುವ ಮುಂಚೆ.

ಮೈ ಸುಳಿವು ಕೊಟ್ಟವರಿಗೆ ಕ್ಯಾಲ್ಸಿಯಂ ಒಂದೇ ಸಾಲದು. ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು, ಕ್ರಿಯಾಟಿನಿನ್ ಒಟ್ಟಿಗೆ ನೋಡಬೇಕು. ಬಚ್ಚಲಲ್ಲಿ ಜಾರಿ ಸೊಂಟ ಮುರಿದವರಿಗೆ ಸಲಾಕೆ ಹಾಕಿ ಮನೆಗೆ ಕಳಿಸುವಾಗಲೂ ಎಷ್ಟೋ ಕಡೆ ಇವನ್ನು ಯಾರೂ ಕೇಳಿರುವುದಿಲ್ಲ.