ಹಸಿರು ಕೋಟು ಮತ್ತು ಚೀಲ ಹೊತ್ತವರು

ಅಂತಿಮ ವರ್ಷದ ಅನುವಾದ ತರಗತಿಯಲ್ಲಿ ವರ್ಷಕ್ಕೊಮ್ಮೆ ವೃತ್ತಪತ್ರಿಕೆಯ ಕ್ರೀಡಾಪುಟವನ್ನು ಕೊಟ್ಟು ಕನ್ನಡಕ್ಕೆ ತರಲು ಹೇಳುವುದು ನನ್ನ ವಾಡಿಕೆ. ಕ್ರಿಕೆಟ್ಟಿನ ಸುದ್ದಿಯಾದರೆ ವಿದ್ಯಾರ್ಥಿಗಳು ಅರ್ಧ ಗಂಟೆಯಲ್ಲಿ ಮುಗಿಸಿ ಕಿಟಕಿಯ ಹೊರಗೆ ನೋಡತೊಡಗುತ್ತಾರೆ. ಆದ್ದರಿಂದ ಈ ಸಲ ಗಾಲ್ಫ್ ಆಟದ ಲೇಖನವೊಂದನ್ನು ಆರಿಸಿಕೊಂಡೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ಎಂಬ ಊರಿನಲ್ಲಿ ಏಪ್ರಿಲ್ ತಿಂಗಳ ಮೊದಲ ಪೂರ್ಣ ವಾರದಲ್ಲಿ ನಡೆಯುವ ‘ಮಾಸ್ಟರ್ಸ್’ ಪಂದ್ಯಾವಳಿಯ ಕುರಿತ ಬರಹವದು. ಸೋಮಂದೇಪಲ್ಲಿಯ ಮಕ್ಕಳಿಗೂ ಗಾಲ್ಫಿಗೂ ಎಲ್ಲಿಯ ಸಂಬಂಧ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಸಂಬಂಧವಿದೆಯೆಂದು ಆಗ ನನಗೂ ತೋರಿರಲಿಲ್ಲ.

ಲೇಖನದಲ್ಲಿ ಆಟಕ್ಕಿಂತ ಆಚಾರವೇ ಹೆಚ್ಚಾಗಿತ್ತು. ಅಗಸ್ಟಾ ನ್ಯಾಷನಲ್ ಕ್ಲಬ್ಬಿನ ನೆಲ ಮೊದಲು ಹಣ್ಣಿನ ಸಸಿ, ಹೂವಿನ ಗಿಡಗಳನ್ನು ಬೆಳೆಸಿ ಮಾರುವ ಸಸ್ಯೋದ್ಯಾನವಾಗಿತ್ತು. ಬಾಬಿ ಜೋನ್ಸ್ ಎಂಬ ಪ್ರಖ್ಯಾತ ಆಟಗಾರನೂ ಕ್ಲಿಫರ್ಡ್ ರಾಬರ್ಟ್ಸ್ ಎಂಬ ಹಣಕಾಸಿನ ವ್ಯವಹಾರಸ್ಥನೂ ಕೂಡಿ ಅದನ್ನು ಮೈದಾನವಾಗಿಸಿದರು. 1934ರಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಅಲ್ಲಿನ ಹದಿನೆಂಟು ಕುಳಿಗಳಿಗೂ ಒಂದೊಂದು ಗಿಡದ ಅಥವಾ ಮರದ ಹೆಸರಿದೆ. (‘ಹೋಲ್’ ಎಂಬುದಕ್ಕೆ ಒಬ್ಬ ಹುಡುಗ ‘ಗೋಲಿಯಾಟದ ಗುಂಡಿ’ ಎಂದು ಬರೆದಿದ್ದ, ಪೂರ್ಣ ಅಂಕ ಕೊಟ್ಟೆ.) ಹನ್ನೊಂದರಿಂದ ಹದಿಮೂರನೆಯ ಕುಳಿಯವರೆಗಿನ ಕಠಿಣ ತಿರುವನ್ನು ‘ಆಮೆನ್ ಕಾರ್ನರ್’ ಎಂದು ಕರೆಯುತ್ತಾರೆ. ಅದು 1958ರಲ್ಲಿ ಹರ್ಬರ್ಟ್ ವಾರೆನ್ ವಿಂಡ್ ಎಂಬ ಪತ್ರಿಕಾ ಬರಹಗಾರ ಇಟ್ಟ ಹೆಸರು. ಮೈದಾನದ ಸೇತುವೆಗಳಿಗೆ ಬೆನ್ ಹೋಗನ್, ಬೈರನ್ ನೆಲ್ಸನ್, ಜೀನ್ ಸಾರಾಜೆನ್ ಎಂಬ ಹಳೆಯ ವೀರರ ಹೆಸರುಗಳು. ಹದಿನೇಳನೆಯ ಕುಳಿಯ ಹಾದಿಯಲ್ಲಿ ಒಂದು ಪೈನ್ ಮರವಿತ್ತು. ಅಧ್ಯಕ್ಷ ಐಸೆನ್‌ಹೋವರ್ ಆ ಕ್ಲಬ್ಬಿನ ಸದಸ್ಯರು. ಅವರು ಹೊಡೆದ ಚೆಂಡು ಪದೇ ಪದೇ ಆ ಮರಕ್ಕೆ ತಾಗುತ್ತಿದ್ದುದರಿಂದ 1956ರ ಸಭೆಯೊಂದರಲ್ಲಿ ಅದನ್ನು ಕಡಿಸಬೇಕೆಂದು ಸೂಚಿಸಿದರಂತೆ. ರಾಬರ್ಟ್ಸ್ ಕೂಡಲೇ ಸಭೆಯನ್ನು ಮುಂದೂಡಿದ. ರಾಷ್ಟ್ರಾಧ್ಯಕ್ಷರ ಮಾತು ಬಿದ್ದುಹೋಯಿತು, ಮರ ನಿಂತಿತು, ಮುಂದೆ ಅವರ ಹೆಸರನ್ನೇ ಹೊತ್ತಿತು. 2014ರ ಫೆಬ್ರವರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ಹಾಳಾದ ಮೇಲೆಯೇ ಅದನ್ನು ತೆಗೆದದ್ದು. ನಮ್ಮ ಹೆದ್ದಾರಿ ಅಗಲವಾದಾಗ ಉರುಳಿದ ಮರಗಳ ಪರವಾಗಿ ಅಂಥ ಸಭಾಧ್ಯಕ್ಷನೊಬ್ಬನೂ ಇರಲಿಲ್ಲ.

ಇನ್ನು ಹಸಿರು ಕೋಟು. ಪ್ರೇಕ್ಷಕರಿಗೆ ಕ್ಲಬ್ಬಿನ ಸದಸ್ಯರು ಯಾರೆಂದು ಗುರುತು ಸಿಗಲೆಂದು 1937ರಲ್ಲಿ ಸದಸ್ಯರು ಹಸಿರು ಕೋಟು ತೊಡತೊಡಗಿದರು. 1949ರಲ್ಲಿ ಗೆದ್ದ ಸ್ಯಾಮ್ ಸ್ನೀಡ್‌ಗೆ ಅದನ್ನು ತೊಡಿಸಿದ ಮೇಲೆ ಅದೇ ಪಂದ್ಯಾವಳಿಯ ಪರಮ ಗೌರವವಾಯಿತು. ಹಿಂದಿನ ವರ್ಷ ಗೆದ್ದವನು ಈ ವರ್ಷ ಗೆದ್ದವನಿಗೆ ತೊಡಿಸಬೇಕು. ಗೆದ್ದವನು ಅದನ್ನು ಒಂದು ವರ್ಷ ಮಾತ್ರ ಮನೆಗೆ ಒಯ್ಯಬಹುದು; ಅನಂತರ ಕೋಟು ಕ್ಲಬ್ಬಿನಲ್ಲೇ ಇರುತ್ತದೆ, ಅವನು ಬಂದಾಗ ತೊಡುತ್ತಾನೆ. ಹಿಂದೆ ಗೆದ್ದವರೆಲ್ಲ ಒಟ್ಟಿಗೆ ಕೂತು ಉಣ್ಣುವ ಔತಣವನ್ನು 1952ರಲ್ಲಿ ಹೋಗನ್ ಆರಂಭಿಸಿದ. ಅಡುಗೆ ಏನಿರಬೇಕೆಂದು ಹಿಂದಿನ ವರ್ಷದ ವಿಜೇತ ಹೇಳಬೇಕು. ಟೈಗರ್ ವುಡ್ಸ್ 1998ರಲ್ಲಿ ಆ ಹಿರಿಯರಿಗೆಲ್ಲ ಚೀಸ್‌ಬರ್ಗರ್, ಮಿಲ್ಕ್‌ಶೇಕ್ ಬಡಿಸಿದನಂತೆ. ಮೈದಾನದೊಳಗೆ ಯಾರೂ ಓಡುವಂತಿಲ್ಲ, ಮೊಬೈಲ್ ತರುವಂತಿಲ್ಲ. ನೋಡಲು ಬಂದವರನ್ನು ಪ್ರೇಕ್ಷಕರೆನ್ನದೆ ‘ಪೋಷಕರು’ ಎನ್ನಬೇಕು.

ಇಷ್ಟನ್ನು ಓದಿಸಿ, ‘ಟ್ರೆಡಿಷನ್’ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯುವಿರಿ ಎಂದು ಕೇಳಿದೆ. ಸಂಪ್ರದಾಯ, ಪರಂಪರೆ, ರೂಢಿ, ಪದ್ಧತಿ ಎಲ್ಲವೂ ಬಂದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಆ ಕೋಟು ನಮ್ಮ ಜಾತ್ರೇಲಿ ಕೊಡೋ ಮರ್ಯಾದೆ ಇದ್ದಂಗೆ” ಎಂದಳು. ಆ ಗಂಟೆಯಲ್ಲಿ ನಡೆದ ನಿಜವಾದ ಅನುವಾದ ಅದೊಂದೇ. ಕನ್ನಡ ಮತ್ತು ಮರಾಠಿ ಎರಡರಲ್ಲೂ ಅಕ್ಷರ ಕಲಿತ ನನಗೆ ಕೂಡಲೇ ಮರಾಠಿಯ ‘ಮಾನ’ ನೆನಪಾಯಿತು. ಕುಸ್ತಿಯಲ್ಲಿ ಗೆದ್ದವನಿಗೆ ಕೊಡುವುದು ಬರಿಯ ಗದೆಯಲ್ಲ, ‘ಮಾನಾಚೀ ಗದಾ’. ಪುಣೆಯಲ್ಲಿ ವಿಸರ್ಜನೆಗೆ ಮೊದಲು ಹೊರಡುವ ಗಣಪತಿ ‘ಮಾನಾಚಾ ಗಣಪತಿ’. ಬೆಲೆಯ ಲೆಕ್ಕಕ್ಕೆ ಸಿಕ್ಕದ, ಸರದಿಯಿಂದಲೂ ಹಕ್ಕಿನಿಂದಲೂ ಬರುವ ಗೌರವವದು. ನಮ್ಮ ತೇರಿನ ದಿನ ಯಾರಿಗೆ ಮೊದಲ ತಾಂಬೂಲ, ಯಾರ ತಲೆಗೆ ಪೇಟ, ಯಾರ ಹೆಗಲಿಗೆ ಶಾಲು ಎಂಬುದರ ಮೇಲೆ ಮನೆತನಗಳು ಮಾತು ಬಿಡುವಷ್ಟು ಜಗಳವಾಗುವುದನ್ನು ನೋಡಿದವರಿಗೆ ಹಸಿರು ಕೋಟಿನ ಮಹಿಮೆಯನ್ನು ವಿವರಿಸಬೇಕಾಗಿಲ್ಲ.

ಅಗಸ್ಟಾದವರನ್ನು ನಾನು ಒಂದು ಕಾರಣಕ್ಕೆ ಮೆಚ್ಚುತ್ತೇನೆ. ಅವರ ಸಂಪ್ರದಾಯಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. 1610ರಿಂದ ಎಣಿಸುವ ನಮ್ಮ ದಸರಾದ ಮುಂದೆ ಅದು ನಿನ್ನೆಯ ಮಾತು. ಆದರೂ ಜಗತ್ತಿಗೆ ಅದು ಅನಾದಿಯೆಂಬಂತೆ ತೋರುತ್ತದೆ. ಇದ್ದುದಕ್ಕೆ ಹೆಸರಿಟ್ಟರು, ಇಟ್ಟ ಹೆಸರನ್ನು ವರ್ಷ ವರ್ಷವೂ ತಪ್ಪದೆ ಉಚ್ಚರಿಸಿದರು. ಇದಕ್ಕಿಂತ ಹೆಚ್ಚಿನದೇನನ್ನೂ ಅವರು ಮಾಡಿಲ್ಲ. ನಮ್ಮಲ್ಲಿ ಹಳೆಯದಕ್ಕೆ ಕೊರತೆಯಿಲ್ಲ. ಇಲ್ಲಿಂದ ಸಮೀಪದಲ್ಲೇ ಪೆನುಕೊಂಡೆಯ ಕೋಟೆ, ಅತ್ತ ಲೇಪಾಕ್ಷಿಯ ಗುಡಿಯಲ್ಲಿ ಕನ್ನಡ ಶಾಸನಗಳು. ಆದರೆ ತಮ್ಮ ಊರ ಕೆರೆಯ ತೂಬಿನ ಹೆಸರನ್ನೋ ಹೊಲದ ಪಟ್ಟಿಯ ಹೆಸರನ್ನೋ ಬರೆದು ತನ್ನಿ ಎಂದರೆ ವಿದ್ಯಾರ್ಥಿಗಳು ಸರ್ವೆ ನಂಬರು ತರುತ್ತಾರೆ. ಗಿಡದ ಹೆಸರಿನ ಹದಿನೆಂಟು ಕುಳಿಗಳು ಅವರಿಗೆ ವಿಚಿತ್ರವೆನಿಸಿದ್ದು ಸಹಜವೇ.

ಆದರೆ ಜಾತ್ರೆಯ ಹೋಲಿಕೆಯನ್ನು ಹಿಡಿದ ಮೇಲೆ ಅದನ್ನು ಅರ್ಧಕ್ಕೇ ಬಿಡಲಾಗದು. ಮರ್ಯಾದೆ ಪಡೆಯುವವರಿದ್ದಲ್ಲಿ ತೇರು ಎಳೆಯುವವರೂ ಪಂಜು ಹಿಡಿಯುವವರೂ ಇರುತ್ತಾರೆ. ಗಾಲ್ಫಿನಲ್ಲಿ ಆಟಗಾರನ ದಾಂಡುಗಳ ಚೀಲವನ್ನು ಹೊತ್ತು ಜೊತೆಗೆ ನಡೆಯುವವನನ್ನು ‘ಕ್ಯಾಡಿ’ ಎನ್ನುತ್ತಾರೆ. ಅವನು ಬರಿಯ ಹೊರೆಯಾಳಲ್ಲ. ಗಾಳಿ ಯಾವ ಕಡೆಗಿದೆ, ಗುರಿ ಎಷ್ಟು ದೂರ, ಹುಲ್ಲಿನ ಇಳಿಜಾರು ಚೆಂಡನ್ನು ಎತ್ತ ಎಳೆಯುತ್ತದೆ ಎಂಬುದನ್ನು ಆಟಗಾರನ ಕಿವಿಯಲ್ಲಿ ಹೇಳುವವನು ಅವನೇ. ಅಗಸ್ಟಾದಲ್ಲಿ 1982ರವರೆಗೂ ಪ್ರತಿಯೊಬ್ಬ ಆಟಗಾರನೂ ಕ್ಲಬ್ಬಿನ ಕ್ಯಾಡಿಯನ್ನೇ ಕರೆದೊಯ್ಯಬೇಕಿತ್ತು. ಆ ಕ್ಯಾಡಿಗಳೆಲ್ಲ ಕಪ್ಪು ಜನ. ಬಿಳಿಯ ಮೇಲಂಗಿ ತೊಟ್ಟು ಚೀಲ ಹೊತ್ತು ಅವರು ಆ ಮೈದಾನದ ಅಂಗುಲ ಅಂಗುಲವನ್ನೂ ಬಲ್ಲವರಾಗಿದ್ದರು. ಆದರೆ ಕಪ್ಪು ಆಟಗಾರನೊಬ್ಬ ಆ ಪಂದ್ಯಾವಳಿಯಲ್ಲಿ ಆಡಲು 1975ರವರೆಗೆ, ಲೀ ಎಲ್ಡರ್ ಬರುವವರೆಗೆ, ಕಾಯಬೇಕಾಯಿತು. ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ, ಮಹಿಳೆಯರು ಸದಸ್ಯರಾದದ್ದು 2012ರಲ್ಲಿ. ಮುಖ್ಯ ಪಂದ್ಯಾವಳಿಗೆ ಮೊದಲು ಬುಧವಾರದಂದು ನಡೆಯುವ ಕಿರುಪಂದ್ಯದಲ್ಲಿ ಆಟಗಾರರ ಹೆಂಡತಿ ಮಕ್ಕಳು ಅದೇ ಬಿಳಿಯ ಮೇಲಂಗಿ ತೊಟ್ಟು ಕ್ಯಾಡಿಗಳಾಗಿ ನಲಿಯುತ್ತಾರೆ. ಒಂದು ಕಾಲದ ಜೀತದ ಉಡುಪು ಇನ್ನೊಂದು ಕಾಲದ ಮಕ್ಕಳ ವೇಷವಾಗಿದೆ.

1935ರಲ್ಲಿ ಜೀನ್ ಸಾರಾಜೆನ್ ಹದಿನೈದನೆಯ ಕುಳಿಯಲ್ಲಿ 235 ಗಜ ದೂರದಿಂದ ಹೊಡೆದ ಚೆಂಡು ನೇರವಾಗಿ ಗುಂಡಿಗೆ ಬಿತ್ತು. ಆ ಹೊಡೆತ ಪಂದ್ಯಾವಳಿಯ ಹೆಸರನ್ನು ಲೋಕಕ್ಕೆ ಹರಡಿತು. 1955ರಲ್ಲಿ ಅಲ್ಲಿನ ಸೇತುವೆಗೆ ಸಾರಾಜೆನ್ ಹೆಸರಿಟ್ಟರು. ಅಂದು ಅವನ ಚೀಲ ಹೊತ್ತು ಪಕ್ಕದಲ್ಲಿ ನಿಂತಿದ್ದವನನ್ನು ‘ಸ್ಟೋವ್‌ಪೈಪ್’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಅವನ ಹೆಸರಿನ ಸೇತುವೆಯಿಲ್ಲ. ಗಿಡಗಳಿಗೂ ಒಬ್ಬರು ಕಡಿಸಲು ಹೊರಟಿದ್ದ ಮರಕ್ಕೂ ಹೆಸರಿಡುವಷ್ಟು ಉದಾರವಾದ ಮೈದಾನದಲ್ಲಿ ಈ ಲೋಪ ಕಣ್ಣಿಗೆ ಚುಚ್ಚುತ್ತದೆ.

ಇದೆಲ್ಲ ದೂರದ ಅಮೆರಿಕದ ಮಾತೆಂದು ತಳ್ಳಿಹಾಕುವ ಹಾಗೂ ಇಲ್ಲ. ನಮ್ಮ ಹೆದ್ದಾರಿ ಹೋಗಿ ಮುಟ್ಟುವ ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ಆ ನಗರದಲ್ಲಿ ಕ್ಯಾಡಿಯಾಗಿ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. 1964ರಲ್ಲಿ ಆರಂಭವಾದ ಗಾಲ್ಫ್ ಪಂದ್ಯಾವಳಿಯದು. ಬೆಂಗಳೂರಿನವರೇ ಆದ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ಇಡೀ ದೇಶ ಬೆಳಗಿನ ಹೊತ್ತು ಟಿ.ವಿ. ಮುಂದೆ ಕುಳಿತಿತ್ತು. ಆ ದಿನ ಅವರ ಚೀಲ ಹೊತ್ತು ನಡೆದವರು ಅವರ ತಾಯಿ. ಅದಿತಿಯ ಬಗ್ಗೆ ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಕೇಳಿದ್ದರು. ಮುನಿಯಪ್ಪನವರ ಹೆಸರನ್ನು ಯಾರೂ ಕೇಳಿರಲಿಲ್ಲ. ನಮ್ಮ ಪಠ್ಯಗಳಲ್ಲಿ ಚೀಲ ಹೊತ್ತವನ ಕಥೆಗೆ ಜಾಗವಿಲ್ಲದಿರುವಾಗ ಅವರನ್ನು ದೂಷಿಸಿ ಫಲವೇನು?

ಇಷ್ಟೆಲ್ಲವನ್ನು ಬರೆಯಲು ಹೊರಟ ಕಾರಣವನ್ನು ಈಗ ಹೇಳಬೇಕು. ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು, “ಸಾರ್, ನಮ್ಮಣ್ಣ ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತಾನೆ” ಎಂದ. ಅವನ ಅಣ್ಣ ನಮ್ಮ ವಿಭಾಗದಲ್ಲೇ ಓದಿದವನು. ಛಂದಸ್ಸಿನಲ್ಲಿ ಪ್ರಸ್ತಾರ ಹಾಕುವುದರಲ್ಲಿ ಅವನನ್ನು ಮೀರಿಸುವವರು ಆ ತಂಡದಲ್ಲಿ ಇರಲಿಲ್ಲ. ಬೆಳಗಿನ ಜಾವ ಎದ್ದು ಹೋಗಿ ಸರದಿಗೆ ಕಾಯುತ್ತಾನೆ, ಸರದಿ ಬಂದರೆ ಚೀಲ ಹೊರುತ್ತಾನೆ, ಬಾರದಿದ್ದರೆ ಹುಲ್ಲಿನ ಕೆಲಸಕ್ಕೆ ಸೇರುತ್ತಾನೆ. ಇದು ನನಗೆ ಹೊಸ ಸುದ್ದಿಯಾಗಿರಲಿಲ್ಲ ಎಂಬುದೇ ನನ್ನ ತಪ್ಪು. ಎರಡು ವರ್ಷಗಳ ಹಿಂದೆ ಇದೇ ವಾರ್ತಾಪತ್ರದ ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’ ಪುಟಕ್ಕೆ ಹೆಸರುಗಳನ್ನು ಆರಿಸಿದವನು ನಾನು. ಶಿಕ್ಷಕರು, ಬ್ಯಾಂಕಿನವರು, ಒಬ್ಬ ಸಬ್ ಇನ್‌ಸ್ಪೆಕ್ಟರ್, ಕಾರು ಕಾರ್ಖಾನೆಯಲ್ಲಿ ಮೇಲ್ವಿಚಾರಕನಾದವನು, ಎಲ್ಲರೂ ಪಟ್ಟಿಯಲ್ಲಿದ್ದರು. ಇವನ ಹೆಸರು ಬಂದಾಗ, ‘ಏನು ಕೆಲಸವೆಂದು ಬರೆಯುವುದು?’ ಎಂದುಕೊಂಡು ಬಿಟ್ಟುಬಿಟ್ಟೆ. ಕ್ಯಾಡಿ ಎಂಬುದಕ್ಕೆ ಕನ್ನಡದಲ್ಲಿ ಒಂದು ಮಾತಿಲ್ಲವೆಂಬುದು ನನಗೆ ಒಳ್ಳೆಯ ನೆಪವಾಯಿತು.

ನಮ್ಮ ನಾಡು ಹೀಗಿರಲಿಲ್ಲ ಎನ್ನುವುದಕ್ಕೆ ಕಲ್ಲಿನ ಸಾಕ್ಷಿಯಿದೆ. ತುರುಗಳನ್ನು ಕಾಯಲು ಹೋಗಿ ಮಡಿದ ಸಾಮಾನ್ಯನಿಗೂ ವೀರಗಲ್ಲು ನಿಲ್ಲಿಸಿ ಹೆಸರನ್ನು ಕೊರೆದವರು ನಾವು. 10ನೆಯ ಶತಮಾನದ ಆತಕೂರಿನ ಶಾಸನವನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ಪ್ರತಿ ವರ್ಷವೂ ನೋಡಿದ್ದೇನೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನೆಡಿಸಿದ ಶಾಸನವದು. ಒಡೆಯನ ಹೆಸರಿನ ಜೊತೆಗೆ ನಾಯಿಯ ಹೆಸರೂ ಸಾವಿರ ವರ್ಷ ಉಳಿದಿದೆ. ಅದನ್ನು ಅಷ್ಟು ಹೆಮ್ಮೆಯಿಂದ ಪಾಠ ಹೇಳುವ ಅಧ್ಯಾಪಕನೇ ಒಂದು ಪುಟದ ಪಟ್ಟಿಯಿಂದ ತನ್ನ ಶಿಷ್ಯನ ಹೆಸರನ್ನು ಬಿಟ್ಟ.

ಆದ್ದರಿಂದ ವಿಭಾಗದ ಮುಂದೆ ನನ್ನದೊಂದು ಸೂಚನೆಯಿದೆ. ಹೆಮ್ಮೆಯ ಪುಟವನ್ನು ಹುದ್ದೆಯ ಮೇಲೆ ಆರಿಸುವುದನ್ನು ನಿಲ್ಲಿಸೋಣ. ಪ್ರತಿ ತಂಡದ ಎಲ್ಲರ ಹೆಸರೂ ಅವರೇ ಹೇಳಿದ ಮಾತುಗಳಲ್ಲಿ ಅವರ ಕೆಲಸವೂ ಅಚ್ಚಾಗಲಿ. ಪುಟಗಳು ಹೆಚ್ಚುತ್ತವೆ ಎಂಬ ಆಕ್ಷೇಪವನ್ನು ಬಲ್ಲೆ. ಸಂಪಾದಕೀಯವನ್ನೂ ಅತಿಥಿಗಳ ಸಂದೇಶವನ್ನೂ ಮೊಟಕುಗೊಳಿಸಿದರೆ ಜಾಗ ಸಿಗುತ್ತದೆ. ಎಲ್ಲರಿಗೂ ಕೊಟ್ಟರೆ ಅದು ಮರ್ಯಾದೆಯೇ ಅಲ್ಲ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅಗಸ್ಟಾದ ಕೋಟು ನೂರು ಜನಕ್ಕೆ ಸಿಗುವಂತಿದ್ದರೆ ಯಾರೂ ಅದಕ್ಕಾಗಿ ಅಳುತ್ತಿರಲಿಲ್ಲ. ಆದರೆ ನಾವು ಹಂಚುತ್ತಿರುವುದು ಕೋಟನ್ನಲ್ಲ. ಇಲ್ಲಿ ಓದಿದವರು ಯಾರೆಂಬ ದಾಖಲೆಯನ್ನು.

ಒಂದು ತೊಡಕು ಮಾತ್ರ ಉಳಿದಿದೆ. ಆ ಶಿಷ್ಯನಿಗೆ ಫೋನ್ ಮಾಡಿ, ಮುಂದಿನ ಸಂಚಿಕೆಯಲ್ಲಿ ನಿನ್ನ ಹೆಸರನ್ನು ಹಾಕುತ್ತೇನೆ, ನಿನ್ನ ಕೆಲಸದ ಬಗ್ಗೆ ನೀನೇ ಎರಡು ಪುಟ ಬರೆದುಕೊಡು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಬ್ಯಾಡ ಸಾರ್. ಅಮ್ಮಂಗೆ ಕ್ಲಬ್ಬಲ್ಲಿ ಕೆಲಸ ಅಂತ ಅಷ್ಟೇ ಹೇಳಿದೀನಿ. ಚೀಲ ಹೊರೋದು ಅಂತ ಗೊತ್ತಾದ್ರೆ, ಓದ್ಸಿದ್ದು ಇದಕ್ಕಾ ಅಂತಾಳೆ” ಎಂದ. ನಾನು ಮುನಿಯಪ್ಪನವರ ವಿಷಯವನ್ನೂ ಅದಿತಿಯ ತಾಯಿಯ ವಿಷಯವನ್ನೂ ಹೇಳಿದೆ. ಅದಿತಿಯ ಆಟದ ಬಗ್ಗೆ ಅವನು ನನಗೇ ಹತ್ತು ನಿಮಿಷ ವಿವರಿಸಿದ. ಯಾವ ದೂರಕ್ಕೆ ಯಾವ ದಾಂಡು, ಹುಲ್ಲು ಒದ್ದೆಯಿದ್ದರೆ ಚೆಂಡು ಹೇಗೆ ನಿಲ್ಲುತ್ತದೆ ಎಂಬುದೆಲ್ಲ ಅವನ ಬಾಯಲ್ಲಿ ಲಘು-ಗುರುಗಳಷ್ಟೇ ಖಚಿತವಾಗಿ ಬಂತು. ಹೆಸರಿನ ಮಾತಿಗೆ ಮಾತ್ರ ಒಪ್ಪಲಿಲ್ಲ. ಅವನು ಹಬ್ಬಕ್ಕೆ ಊರಿಗೆ ಬಂದಾಗ ಮನೆಗೇ ಹೋಗಿ ಅವನ ತಾಯಿಯೊಡನೆ ನಾನೇ ಮಾತನಾಡಬೇಕೆಂದಿದ್ದೇನೆ. ಅಲ್ಲಿಯವರೆಗೆ ಈ ಬರಹದಲ್ಲಿಯೂ ಅವನು ಹೆಸರಿಲ್ಲದೆಯೇ ಇರಬೇಕಾಗಿದೆ.